ಮೇಲಿನ ಮನೆಯ ಸೋಫಾ

ಮೆಟ್ಟಿಲಿನ ತಿರುವಿನಲ್ಲಿ ಸೋಫಾ ಸಿಕ್ಕಿಹಾಕಿಕೊಂಡಿತು. ಮೇಲಿನ ತುದಿಯನ್ನು ಮೇಲಿನ ಮನೆಯ ಅಕ್ಕ ಹಿಡಿದಿದ್ದಳು, ಕೆಳಗಿನ ತುದಿ ಕೆಳಗಿನ ಮನೆಯ ತಾಯಿಯ ಎದೆಗೆ ಒತ್ತಿಕೊಂಡಿತ್ತು. ಅತ್ತ ತಳ್ಳಿದರೆ ಕಂಬಿಗೆ ಬಡಿಯುತ್ತಿತ್ತು, ಇತ್ತ ಎಳೆದರೆ ಗೋಡೆಯ ಸುಣ್ಣ ಉದುರುತ್ತಿತ್ತು.

"ಸ್ವಲ್ಪ ಓರೆ ಮಾಡೇ," ಎಂದಳು ಅಕ್ಕ. "ಅಯ್ಯೋ, ನಿನ್ನ ಕಡೆ ಅಲ್ಲ, ನನ್ನ ಕಡೆ!"

"ನಿನ್ನ ಕಡೆ ಯಾವ್ದು, ನನ್ನ ಕಡೆ ಯಾವ್ದು ಅಂತ ಈಗ ಸೋಫಾನೇ ಹೇಳ್ಬೇಕು ಅಕ್ಕ."

ಇಬ್ಬರಿಗೂ ನಗು ಬಂತು. ನಕ್ಕರೆ ಕೈ ಸಡಿಲಾಗುತ್ತದೆಂದು ತುಟಿ ಕಚ್ಚಿ ಹಿಡಿದು, ಕೊನೆಗೆ ಸೋಫಾವನ್ನು ಕಂಬಿಯ ಮೇಲಿಂದಲೇ ಎತ್ತಿ ಇಳಿಸಿದರು. ಅಕ್ಕನ ಮೊಣಕೈ ತರಚಿಹೋಯಿತು. ಅವಳು ಅದಕ್ಕೆ ಉಗುಳು ಸವರಿಕೊಂಡು, ಟೀಪಾಯಿ ತರಲು ಮತ್ತೆ ಮೇಲೆ ಹೋದಳು.

ಮೇಲಿನ ಮನೆಯಲ್ಲಿ ತಾಯಿ ಅಕ್ಕ ಎಂದು ಕರೆಯುವ ಈ ನೆರೆಯವಳು, ಬಸ್ ಕಂಡಕ್ಟರ್ ಆಗಿರುವ ಅವಳ ಗಂಡ, ಯೂನಿವರ್ಸಿಟಿಯಲ್ಲಿ ಓದುತ್ತಿರುವ ಮಗ. ಕೆಳಗಿನ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ತಾಯಿ ಮಗಳು ಇಬ್ಬರೇ. ಗಂಡ ತೀರಿಕೊಂಡ ಮೇಲೆ ತಾಯಿ ಆಸ್ಪತ್ರೆಯ ಲಾಂಡ್ರಿಗೆ ಸೇರಿದ್ದಳು. ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುತ್ತ, ಗಿರಾಕಿಗಳಿಗೆ ಫ್ರೇಮು ತೋರಿಸುತ್ತಲೇ ಪರೀಕ್ಷೆ ಬರೆದು, ಕಣ್ಣಿನ ತಪಾಸಣೆ ಕಲಿಸುವ ಕೋರ್ಸಿಗೆ ಯೂನಿವರ್ಸಿಟಿಯಲ್ಲಿ ಸೀಟು ಗಿಟ್ಟಿಸಿಕೊಂಡಿದ್ದಳು. ಸೀಟೇನೋ ಸಿಕ್ಕಿತು. ಫೀಸಿಗೆ, ಹಾಸ್ಟೆಲಿಗೆ ಏನು ಗತಿ? ಅದಕ್ಕೆ ಸರ್ಕಾರದ ಸಹಾಯಧನವಿತ್ತು. ತೀರಿಸಬೇಕಾದ ಸಾಲವಲ್ಲ, ಬಡ ಮಕ್ಕಳ ಓದಿಗೆಂದು ಕೊಡುವ ಹಣ. ಅಕ್ಕನ ಮಗ ಅದರಲ್ಲೇ ಓದುತ್ತಿದ್ದ, ಅರ್ಜಿ ಹಾಕಲು ಹೇಳಿಕೊಟ್ಟವನೂ ಅವನೇ. ಅರ್ಜಿ ಹಾಕಿದವರ ಮನೆಗೆ ಇಲಾಖೆಯವರು ಬಂದು ನೋಡಿಕೊಂಡು ಹೋಗುವ ಪದ್ಧತಿ. ಅವರು ಬರುವ ದಿನ ಇವತ್ತು.

ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಮಗಳು ಹೇಳಿದ್ದಳು: "ಅಮ್ಮಾ, ಮನೆ ಹೇಗಿದೆಯೋ ಹಾಗೇ ಇರಲಿ. ನೀನೇನೂ ಮಾಡೋಕೆ ಹೋಗ್ಬೇಡ."

ದಣಿವು ಮಾಡಿಕೊಳ್ಳಬೇಡ ಎನ್ನುತ್ತಿದ್ದಾಳೆ, ಪಾಪ, ಎಂದುಕೊಂಡಳು ತಾಯಿ. ಹಾಗಂತ ಸುಮ್ಮನಿರಲಾದೀತೇ? ಸರ್ಕಾರದಿಂದ ಬರುವವರನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸುವುದೇ? ಆ ಸ್ಟೂಲಿಗೂ ಮೂರೇ ಕಾಲು ನೆಟ್ಟಗಿದ್ದವು.

ಅವಳಿಗೆ ಅವಳದೇ ಒಂದು ಲೆಕ್ಕಾಚಾರವಿತ್ತು. ಲಾಂಡ್ರಿಯಲ್ಲಿ ಕೆಲಸ ಕೇಳಲು ಮೊದಲ ಸಲ ಹೋದಾಗ ಅವಳ ಮಾಸಿದ ಬಟ್ಟೆ ನೋಡಿ ಗೇಟಿನವನು ಒಳಗೇ ಬಿಟ್ಟಿರಲಿಲ್ಲ. ಮಾರನೆಯ ದಿನ ಅಕ್ಕನ ಒಳ್ಳೆಯ ಬಟ್ಟೆ ಎರವಲು ಪಡೆದು ಉಟ್ಟುಕೊಂಡು ಹೋದಳು. ಅದೇ ಗೇಟಿನವನು "ಬನ್ನಿ ಅಮ್ಮಾ" ಎಂದ, ಕೆಲಸವೂ ಸಿಕ್ಕಿತು. ಅವತ್ತಿನಿಂದ ಅವಳಿಗೆ ಒಂದು ಮಾತು ಖಾತ್ರಿ: ಇಲ್ಲದವರಿಗೆ ಲೋಕ ಕೊಡುವುದಿಲ್ಲ, ಇದ್ದವರಂತೆ ಕಾಣುವವರಿಗೆ ಕೊಡುತ್ತದೆ. ಹುಡುಗಿ ಮರ್ಯಾದಸ್ಥರ ಮನೆಯವಳು, ಕೊಟ್ಟ ದುಡ್ಡನ್ನು ಪೋಲು ಮಾಡುವವಳಲ್ಲ ಎಂದು ಬಂದವರಿಗೆ ಅನ್ನಿಸಬೇಡವೇ? ಅಕ್ಕನಿಗೂ ಇದು ಸರಿ ಎನ್ನಿಸಿತ್ತು. ಸೋಫಾದ ಹಿಂದೆ ಗಾಜಿನ ಟೀಪಾಯಿ ಬಂತು, ನೀಲಿ ಪರದೆ ಬಂತು, ಕೊನೆಗೆ ಟಿವಿಯೂ ಬಂತು. ಟಿವಿಗೆ ಕೇಬಲ್ ಇರಲಿಲ್ಲವಾದ್ದರಿಂದ ಅದನ್ನು ಟ್ರಂಕಿನ ಮೇಲಿಟ್ಟು ಕಸೂತಿ ಬಟ್ಟೆ ಹೊದಿಸಿದರು.

"ನೋಡೇ, ಅರಮನೆ!" ಎಂದು ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ತಾಯಿಗೆ ಕಣ್ಣು ತುಂಬಿ ಬಂತು. ಈ ಕೋಣೆ ಇಷ್ಟು ಚೆನ್ನಾಗಿ ಕಾಣಬಲ್ಲದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಬಂದವರು ವಯಸ್ಸಾದ ಅಧಿಕಾರಿ, ಮಂಡಿ ನೋವಿನ ಮನುಷ್ಯ. ಸೋಫಾದಲ್ಲಿ ಕೂತು "ಉಸ್ಸಪ್ಪಾ" ಎಂದು ಕಾಲು ಚಾಚಿದರು. ಅಕ್ಕ ಅಡುಗೆಮನೆಯಲ್ಲಿ ಟೀ ಕಾಯಿಸುತ್ತಿದ್ದಳು. ತಾಯಿ ಗೋಡೆಗೆ ಒರಗಿ ನಿಂತಳು.

"ಕೂತ್ಕೊಳ್ಳಿ ಅಮ್ಮಾ. ನಿಮ್ಮ ಮನೇಲಿ ನೀವೇ ನಿಂತ್ರೆ ಹೇಗೆ?"

"ಪರವಾಗಿಲ್ಲ ಸಾರ್, ನಿಂತೇ ಅಭ್ಯಾಸ."

ಅವರು ಟೀ ಕುಡಿದರು. ಮಗಳ ಅಂಕಗಳ ಬಗ್ಗೆ ಕೇಳಿ ತಲೆದೂಗಿದರು. ಆಮೇಲೆ ಕೋಣೆಯನ್ನು ಒಂದು ಸುತ್ತು ನೋಡಿ ಮೆಲ್ಲಗೆ ಹೇಳಿದರು: "ನಾನು ಬರ್ತೀನಿ ಅಂದ್ರೆ ಜನ ಇರೋ ಕುರ್ಚೀನೂ ಪಕ್ಕದ ಮನೇಲಿ ಬಚ್ಚಿಟ್ಟಿರ್ತಾರೆ. ಎಷ್ಟೋ ಕಡೆ ನಿಂತೇ ಬರ್ಕೊಂಡು ಬಂದಿದೀನಿ. ನೀವು ಹಾಗೆ ಮಾಡಿಲ್ಲ, ಸಂತೋಷ."

ಹೊಗಳಿಕೆ ಕೇಳಿ ತಾಯಿಯ ಮುಖ ಅರಳಿತು.

"ಇದೆಲ್ಲ ನಿಮ್ಮದೇ ತಾನೆ?" ಎಂದರು ಅವರು. ಕೇಳಿ ಒಂದು ಗಳಿಗೆ ಸುಮ್ಮನೆ ಕಾದರು. ಒಳ್ಳೆಯ ಮನುಷ್ಯ. ಇವಳ ಸವೆದ ಅಂಗೈಯನ್ನೂ ಹೊಸ ಪರದೆಯನ್ನೂ ಒಟ್ಟಿಗೆ ನೋಡಿ ಅವರಿಗೆ ಏನೋ ಅನುಮಾನ ಬಂದಿರಬೇಕು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುತ್ತಾರಲ್ಲ, ಹಾಗಾಯಿತು.

"ನಮ್ಮದೇ ಸಾರ್," ಎಂದಳು ತಾಯಿ. "ಒಂದೊಂದೇ ಮಾಡ್ಕೊಂಡ್ವಿ."

ಅವರು ಬರೆದುಕೊಂಡರು.

ಸಂಜೆ ಮಗಳು ಬಂದಾಗ ಸಾಮಾನು ಇನ್ನೂ ಅಲ್ಲೇ ಇತ್ತು. ಕಂಡಕ್ಟರ್ ಬಂದ ಮೇಲೆ ಅವನೂ ಕೈ ಹಚ್ಚಿದರೆ ಸಾಗಿಸುವುದು ಸುಲಭ ಎಂದು ಬಿಟ್ಟಿದ್ದರು. ಮಗಳು ಹೊಸ್ತಿಲಲ್ಲೇ ನಿಂತಳು. ಚಪ್ಪಲಿ ಬಿಡಲಿಲ್ಲ.

"ಇದೇನಮ್ಮಾ?"

ತಾಯಿ ಒಂದೇ ಉಸಿರಿಗೆ ಎಲ್ಲ ಹೇಳಿದಳು, ಸೋಫಾ ಸಿಕ್ಕಿಕೊಂಡದ್ದು, ಟೀ ಕುಡಿದದ್ದು, ಸಂತೋಷ ಎಂದದ್ದು. "ನಮ್ಮದೇ ಅಂದ್ಬಿಟ್ಟೆ. ಒಂದು ಸುಳ್ಳು, ಹೋಗ್ಲಿ ಬಿಡು, ಯಾರಿಗೇನು ನಷ್ಟ?"

ಮಗಳು ನೆಲದ ಮೇಲೆ ಕುಳಿತುಬಿಟ್ಟಳು. ಸೋಫಾ ಪಕ್ಕದಲ್ಲೇ ಇತ್ತು.

"ಅಮ್ಮಾ, ಅವ್ರು ನೋಡೋಕೆ ಬಂದಿದ್ದು ನಮ್ಮ ಹತ್ರ ಏನಿದೆ ಅಂತಲ್ಲ. ಏನೂ ಇಲ್ಲ ಅಂತ."

ಬೈದಿದ್ದರೆ ತಾಯಿ ತಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಮಗಳು ಬೈಯಲಿಲ್ಲ. ಚಿಕ್ಕ ಮಗುವಿಗೆ ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳಿದ್ದಳು. ಆ ರಾತ್ರಿ ಅನ್ನ ಮಾಡಿಟ್ಟದ್ದು ಮಾಡಿಟ್ಟ ಹಾಗೇ ಉಳಿಯಿತು.

ಸಹಾಯಧನ ಸಿಗಲಿಲ್ಲ. ಕುಟುಂಬದ ಸ್ಥಿತಿ ಚೆನ್ನಾಗಿದೆ, ಬೇಕಿದ್ದರೆ ಸಾಲ ಪಡೆಯಬಹುದು ಎಂದು ಇಲಾಖೆಯಿಂದ ತಿಳಿಸಿದರು. ಸಾಲಕ್ಕೆ ಸ್ವಂತ ಮನೆಯಿರುವವರೊಬ್ಬರು ಜಾಮೀನು ನಿಲ್ಲಬೇಕು. ಇವರ ಬಳಗದಲ್ಲಿ ಸ್ವಂತ ಮನೆ ಇದ್ದವರು ಯಾರೂ ಇರಲಿಲ್ಲ. ಇದ್ದಿದ್ದರೆ ಬಳಗ ಎನ್ನಿಸಿಕೊಳ್ಳಲು ಅವರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಮಗಳು ಮೇಲ್ಮನವಿ ಹಾಕಿದಳು. ಇನ್ನೊಬ್ಬರು ಬಂದು ಮತ್ತೆ ನೋಡುತ್ತಾರೆ, ಅವರು ಹೇಳಿದ್ದೇ ಕೊನೆ. ತಾಯಿ ಮೇಲೆ ಓಡಿಹೋಗಿ ಅಕ್ಕನ ಮುಂದೆ ಅತ್ತಳು.

"ಅಳ್ಬೇಡ್ವೇ," ಎಂದಳು ಅಕ್ಕ. "ಸೋಫಾ ನಂದು, ಟಿವಿ ನಂದು ಅಂತ ನಾನೇ ಹೇಳ್ತೀನಿ. ಅದಕ್ಕೇನು ದೊಡ್ಡ ವಿಷ್ಯ? ಬಾಯಿ ಇಲ್ವಾ ನಂಗೆ?"

ತಾಯಿ ಸಮಾಧಾನವಾಗಿ ಇಳಿದು ಬಂದಳು. ಅಕ್ಕನ ಬಾಯಿಯ ಮೇಲೆ ಅವಳಿಗೆ ಪೂರಾ ನಂಬಿಕೆಯಿತ್ತು. ಅದಾದ ಮೇಲೆ ಅಕ್ಕ ಮೊದಲಿನ ಹಾಗೆ ಕೆಳಗೆ ಬಂದು ಹರಟೆ ಹೊಡೆಯುತ್ತಿರಲಿಲ್ಲ. ಕಂಡಕ್ಟರನ ಪಾಳಿ ಬದಲಾಗಿದೆ, ಕೆಲಸ ಜಾಸ್ತಿ ಇರಬೇಕು ಎಂದುಕೊಂಡಳು ತಾಯಿ.

ಎರಡನೆಯ ಸಲ ಬಂದವಳು ಕಿರಿಯ ವಯಸ್ಸಿನ ಮೇಡಂ. ಬ್ಯಾಗು ಹೆಗಲಿಂದ ಇಳಿಸಲಿಲ್ಲ, ಟೀ ಬೇಡವೆಂದಳು. ತಾಯಿ ಈ ಸಲ ಏನನ್ನೂ ಮುಟ್ಟಿರಲಿಲ್ಲ. ಮಗಳು ಸ್ಟೂಲನ್ನು ಗೋಡೆಗೆ ಆನಿಸಿ ಕೊಟ್ಟಳು, ಮೇಡಂ ಅದರ ಮೇಲೆ ಅರ್ಧ ಕೂತಳು. ಮೊದಲ ಅಧಿಕಾರಿ ಬರೆದದ್ದನ್ನು ಓದುತ್ತ ಕೋಣೆಯ ಮೂಲೆಮೂಲೆ ನೋಡಿದಳು.

"ಇದರಲ್ಲಿ ಸೋಫಾ, ಟಿವಿ ಎಲ್ಲ ಇದೆ. ಎಲ್ಲಿಗೆ ಸಾಗಿಸಿದ್ರಿ?"

"ಸಾಗಿಸಿಲ್ಲ ಮೇಡಂ. ಅವು ನಮ್ಮದಲ್ವೇ ಅಲ್ಲ. ಮೇಲಿನ ಮನೇವ್ರದು. ಸಾಹೇಬ್ರು ಬರ್ತಾರೆ ಅಂತ ತಂದಿಟ್ಟಿದ್ದೆ."

"ಬಡವರು ಅಂತ ನೋಡೋಕೆ ಬರೋರ ಮುಂದೆ ಯಾರಾದ್ರೂ ಸೋಫಾ ತಂದಿಡ್ತಾರಾ ಅಮ್ಮಾ?"

ಮೇಡಂ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಇದ್ದದ್ದನ್ನು ಅಡಗಿಸಿದವರ ಕಥೆ ಇಲಾಖೆಗೆ ಗೊತ್ತು. ಇಲ್ಲದ್ದನ್ನು ತಂದು ತೋರಿಸಿ ಕೆಟ್ಟವರ ಕಥೆ ಅವರು ಎಲ್ಲಿ ಕೇಳಿರಬೇಕು?

"ನಮ್ಮಮ್ಮ ತಂದಿಟ್ಟಿದ್ರು ಮೇಡಂ," ಎಂದಳು ಮಗಳು. "ಮೇಲಿನವರನ್ನೇ ಕೇಳಿ. ಅವ್ರು ಹೇಳ್ತಾರೆ."

ಮೂವರೂ ಮೆಟ್ಟಿಲು ಹತ್ತಿದರು. ತಾಯಿ ಮುಂದೆ, ಮೇಡಂ ಹಿಂದೆ, ಮಗಳು ತಿರುವಿನಲ್ಲಿ ನಿಂತಳು. ಬಾಗಿಲ ಮುಂದಿನ ಜಾಗ ಒಬ್ಬರು ನಿಲ್ಲುವಷ್ಟೇ ಇದ್ದದ್ದರಿಂದ ಮೇಡಂ ಎರಡು ಮೆಟ್ಟಿಲು ಕೆಳಗೆ ನಿಲ್ಲಬೇಕಾಯಿತು.

ಅಕ್ಕ ಬಾಗಿಲನ್ನು ಒಂದು ಗೇಣು ತೆರೆದಳು.

"ಅಕ್ಕ, ಇಲಾಖೆಯಿಂದ ಬಂದಿದಾರೆ. ಸೋಫಾದ ವಿಷ್ಯ ಹೇಳು," ಎಂದಳು ತಾಯಿ.

ಅಕ್ಕ ಬಾಯಿ ತೆರೆಯುವ ಮೊದಲೇ ಮೇಡಂ ಕೆಳಗಿನಿಂದ ಹೇಳಿದಳು: "ನಿಮ್ಮ ಮಗನಿಗೂ ಸಹಾಯಧನ ಬರ್ತಿದೆ ಅಲ್ವಾ? ಅದೂ ನೋಡ್ಕೊಂಡೇ ಬಂದಿದೀನಿ. ಮನೇಲಿ ಹೊಸದಾಗಿ ಏನೂ ಬಂದಿಲ್ಲ ಅಂತ ವರ್ಷಾ ವರ್ಷಾ ನಿಮ್ಮ ಯಜಮಾನ್ರು ಸಹಿ ಹಾಕಿದಾರೆ. ಸೋಫಾ, ಟಿವಿ ನಿಮ್ಮದು ಅನ್ನೋದಾದ್ರೆ ಆ ಹುಡುಗನ ಹಣ ನಿಲ್ಲಿಸಬೇಕಾಗತ್ತೆ. ಯೋಚನೆ ಮಾಡಿ ಹೇಳಿ."

ಅಕ್ಕ ಕೆಳಗೆ ಬರುವುದನ್ನು ಯಾಕೆ ಬಿಟ್ಟಳೆಂದು ತಾಯಿಗೆ ಆಗ ತಿಳಿಯಿತು. ಅಕ್ಕನ ಮನೆಯನ್ನು ಇಲಾಖೆಯವರು ನೋಡಿ ಹೋದ ಕಾಲಕ್ಕೆ ಅಲ್ಲಿ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಸೋಫಾ, ಟಿವಿ ಎಲ್ಲ ಆಮೇಲೆ ಅಕ್ಕನ ಅಣ್ಣ ಊರು ಬಿಡುವಾಗ ಕೊಟ್ಟುಹೋದದ್ದು. ಬಿಟ್ಟಿ ಬಂದದ್ದನ್ನು ಹೇಳಿಕೊಳ್ಳುವುದೇನು ಎಂದು ಕಂಡಕ್ಟರ್ ಸುಮ್ಮನಿದ್ದ. ಹುಡುಗನಿಗೆ ಇನ್ನೊಂದು ವರ್ಷದ ಓದು ಬಾಕಿಯಿತ್ತು.

"ಸೋಫಾನಾ?" ಎಂದಳು ಅಕ್ಕ. ದನಿ ಅವಳದಾಗಿರಲಿಲ್ಲ. "ನಮ್ಮನೇಲಿ ಎಲ್ಲಿದೆ ಸೋಫಾ? ನಮ್ಮದಲ್ಲ."

"ಒಳಗೆ ನೋಡಬಹುದಾ?"

"ಮನೆಯವ್ರು ರಾತ್ರಿ ಪಾಳಿ ಮಾಡಿ ಮಲಗಿದಾರೆ."

ಅಕ್ಕನ ಭುಜದಾಚೆ ತಾಯಿಗೆ ಸೋಫಾ ಕಾಣುತ್ತಿತ್ತು. ಮೇಲೆ ಹಳೆಯ ಹೊದಿಕೆ ಹಾಸಿ ದಿಂಬಿಟ್ಟು ಮಂಚದ ಹಾಗೆ ಮಾಡಿದ್ದರು. ಹೊದಿಕೆ ಸಾಲದೆ ಸೋಫಾದ ಒಂದು ಬದಿಯ ಕೈ ಹೊರಗೇ ಉಳಿದಿತ್ತು. ಮೇಡಂ ನಿಂತಲ್ಲಿಗೆ ಅದು ಕಾಣುವಂತಿರಲಿಲ್ಲ.

"ನೀವೇ ಹೇಳಿ ಅಮ್ಮಾ," ಎಂದಳು ಮೇಡಂ. "ಒಳಗಿದೆ ಅಂತ ನೀವು ಖಾತ್ರಿಯಾಗಿ ಹೇಳಿದ್ರೆ ನಾನು ನೋಡಲೇಬೇಕು. ಯಾರು ಮಲಗಿದ್ರೂ ನೋಡ್ತೀನಿ."

ಅಕ್ಕ ಕಣ್ಣಲ್ಲೂ ಬೇಡಿಕೊಳ್ಳಲಿಲ್ಲ. ಬಾಗಿಲಂಚು ಹಿಡಿದ ಬೆರಳು ಮಾತ್ರ ಬೆಳ್ಳಗಾಗಿತ್ತು. ಮೊಣಕೈಯ ತರಚು ಗಾಯ ಮಾಗಿ ಕಲೆ ಉಳಿದಿತ್ತು. ತಾಯಿಗೆ ಸಿಟ್ಟು ಬಂತು. ನಾನೇ ಹೇಳ್ತೀನಿ ಅಂದವಳು ಇವಳೇ. ಮಾತು ತಪ್ಪಿದವಳು ಇವಳೇ. ಆದರೆ ತಾನು ಕರೆದಾಗ ಯಾಕೆ ಏನು ಎಂದು ಕೇಳದೆ ಸೋಫಾದ ಆ ತುದಿ ಹಿಡಿದು ಇಳಿಸಿಕೊಟ್ಟವಳೂ ಇವಳೇ. ಬಾಗಿಲನ್ನು ಒಂದಿಷ್ಟು ತಳ್ಳಿದರೆ ಸಾಕಿತ್ತು.

"ಇಲ್ಲ ಮೇಡಂ," ಎಂದಳು ತಾಯಿ. "ನಂಗೇ ಮರೆತುಹೋಗಿತ್ತು. ಬೇರೆ ಕಡೆಯಿಂದ ತಂದಿದ್ದು."

"ಎಲ್ಲಿಂದ?"

"ಗೊತ್ತಿಲ್ಲ."

"ಅಮ್ಮಾ!" ಎಂದು ಮಗಳು ತಿರುವಿನಿಂದ ಕೂಗಿದಳು. "ಅಮ್ಮಾ, ಒಳಗೇ—" ತಾಯಿ ದಡದಡ ಇಳಿದು ಬಂದು ಅವಳ ಮಣಿಕಟ್ಟು ಹಿಡಿದುಕೊಂಡಳು. ಮೇಲೆ ಬಾಗಿಲು ಸದ್ದಿಲ್ಲದೆ ಮುಚ್ಚಿತು. ಮೇಡಂ ಇಬ್ಬರನ್ನೂ ಒಮ್ಮೆ ನೋಡಿದಳು. ಅವಳಿಗೂ ಗೊತ್ತಾಗಿರಬೇಕು. "ಮಾತಾಡೋರು ಮಾತಾಡದೆ ಇದ್ರೆ ನಾನೇನು ಬರೀಲಿ?" ಎಂದು ಬ್ಯಾಗು ಸರಿಪಡಿಸಿಕೊಂಡು ಹೊರಟುಹೋದಳು.

ಕೆಳಗೆ ಬಂದ ಮೇಲೆ ಮಗಳು ಮಣಿಕಟ್ಟು ಕಿತ್ತುಕೊಂಡಳು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಹೊರಗೆ ಬಂತು.

"ಮನೆಗೆ ಮಾರಿ, ಊರಿಗೆ ಉಪಕಾರಿ! ನೀನು ನೋಡಿದೆ ಅಲ್ವಾ? ಸೋಫಾ ಅಲ್ಲೇ ಇತ್ತು ತಾನೆ?"

"ಇತ್ತು."

"ಮತ್ತೆ?"

"ಹೇಳಿದ್ರೆ ಆ ಹುಡುಗನ ಓದು ನಿಲ್ತಿತ್ತು ಕಣೇ."

"ನಂದು?"

ತಾಯಿ ತಲೆ ತಗ್ಗಿಸಿದಳು. "ಸೋಫಾ ಬೇಕು ಅಂತ ಕೇಳಿದ್ದು ನಾನು. ಅವರಾಗಿ ಕೊಡೋಕೆ ಬಂದಿರ್ಲಿಲ್ಲ. ನನ್ನ ತಪ್ಪಿಗೆ ಅವರ ಮಗನಿಗೆ ಯಾಕೆ ಶಿಕ್ಷೆ?"

"ನಿನ್ನ ತಪ್ಪಿಗೆ ನಾನು ಒಬ್ಬಳು ಸಾಕಾ ಅಮ್ಮಾ?"

ಮಗಳು ಕೂಗಿ ಕೇಳಿರಲಿಲ್ಲ. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ತಾಯಿ ಮಗಳ ತಲೆ ಸವರಲು ಕೈ ಎತ್ತಿದಳು. ಮಗಳು ಆಚೆ ಸರಿದು, ಒಗೆದ ಬಟ್ಟೆ ತರಲು ಹಿತ್ತಿಲಿಗೆ ಹೋದಳು.

ಸೀಟು ಉಳಿಸಿಕೊಳ್ಳುವ ಕೊನೆಯ ದಿನ ಬಂದು ಹೋಯಿತು. ಅಕ್ಕನ ಮಗ ಯೂನಿವರ್ಸಿಟಿಗೆ ಹೊರಡುವಾಗ ಟ್ರಂಕು ಹೊತ್ತುಕೊಂಡು ಮೆಟ್ಟಿಲಿಳಿದು ಇವರ ಬಾಗಿಲ ಮುಂದೆ ನಿಂತದ್ದು ಒಳಗಿದ್ದ ಇಬ್ಬರಿಗೂ ಗೊತ್ತಾಯಿತು. ಕರೆಯಬೇಕೆಂದು ತಾಯಿಗೆ ಬಾಯಿ ತನಕ ಬಂತು. ಮಗಳ ಮುಖ ನೋಡಿ ನುಂಗಿಕೊಂಡಳು. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೋದ.

ಕನ್ನಡಕದ ಅಂಗಡಿಯವರಿಗೆ ಸೀಟು ಸಿಕ್ಕ ಖುಷಿಯಲ್ಲಿ ಮಗಳು ಮೊದಲೇ ಹೇಳಿಬಿಟ್ಟಿದ್ದಳು, ಅವರು ಬೇರೆ ಹುಡುಗಿಯನ್ನು ಹುಡುಕಿಕೊಂಡಿದ್ದರು. ಬೇರೆ ಅಂಗಡಿ ನೋಡೋಣ ಎಂದಳು ತಾಯಿ. ಮಗಳು ಒಂದು ಬೆಳಿಗ್ಗೆ ತಾಯಿ ಹೊರಡುವ ಹೊತ್ತಿಗೆ ತಾನೂ ಚಪ್ಪಲಿ ಮೆಟ್ಟಿಕೊಂಡಳು. ಲಾಂಡ್ರಿಯಲ್ಲಿ ಆಳು ಬೇಕಾಗಿದ್ದದ್ದು ಅವಳಿಗೆ ಹೇಗೋ ತಿಳಿದಿತ್ತು. ದಾರಿಯುದ್ದಕ್ಕೂ ತಾಯಿ "ಬೇಡ ಕಣೇ, ಬೇಡ ಕಣೇ" ಎನ್ನುತ್ತಲೇ ಇದ್ದಳು. ಮಗಳು ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

ಲಾಂಡ್ರಿಯ ಒಳಗೆ ಹಬೆ, ಬ್ಲೀಚಿನ ವಾಸನೆ, ಯಂತ್ರಗಳ ಗದ್ದಲ. ಒಣಗಿಸುವ ಯಂತ್ರದಿಂದ ಹೊರಬಂದ ಆಸ್ಪತ್ರೆಯ ಚಾದರಗಳನ್ನು ಬಿಸಿಯಿರುವಾಗಲೇ ಮಡಚಬೇಕು. ಉದ್ದನೆಯ ಚಾದರ, ಒಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು, ಮೂಲೆ ಹಿಡಿದು ಜಗ್ಗಿ, ಒದರಿ, ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ಮೇಸ್ತ್ರಿ ಮಗಳನ್ನು ತಾಯಿಯ ಜೊತೆಗೇ ಹಾಕಿದ.

ಮೊದಲಿನ ಒಂದೆರಡು ಚಾದರ ಓರೆಯಾದವು. ಆಮೇಲೆ ಮಗಳ ಕೈಗೆ ಅದರ ಲಯ ಸಿಕ್ಕಿತು. ಮೂಲೆಗೆ ಮೂಲೆ, ಅಂಚಿಗೆ ಅಂಚು, ಒಂದು ಸುಕ್ಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಬಂದು ಮಡಚಿಟ್ಟ ರಾಶಿಯ ಮೇಲೆ ಅಂಗೈ ಆಡಿಸಿ ನೋಡಿದ.

"ಭೇಷ್! ನಿಮ್ಮ ಹುಡುಗಿ ಭಾಳ ಚುರುಕು. ಅರ್ಧ ದಿನಕ್ಕೇ ಕಲಿತುಬಿಟ್ಟಳು ನೋಡಿ. ನಿಮಗೆ ಎಷ್ಟು ದಿನ ಹಿಡಿದಿತ್ತು, ನೆನಪಿದೆಯಾ?"

ಪಕ್ಕದವರು ನಕ್ಕರು. ತಾಯಿಯೂ ನಗಬೇಕೆಂದು ತುಟಿ ಬಿಚ್ಚಿದಳು. ನಗು ಬರಲಿಲ್ಲ. ಹಬೆಯಿದ್ದದ್ದರಿಂದ ಕಣ್ಣು ಒರೆಸಿಕೊಂಡರೆ ಯಾರೂ ಕೇಳುವಂತಿರಲಿಲ್ಲ, ಆದರೆ ಎರಡೂ ಕೈಯಲ್ಲಿ ಚಾದರದ ಮೂಲೆಗಳಿದ್ದವು.

ಮಗಳು ಆ ತುದಿಯಿಂದ ನಡೆದು ಬಂದಳು. ಬೆರಳಿಗೆ ಬೆರಳು ತಾಕಿತು. ಅವಳು ತಾಯಿಯ ಕೈಯಿಂದ ಎರಡು ಮೂಲೆಗಳನ್ನೂ ತೆಗೆದುಕೊಂಡು, ಬಗ್ಗಿ ಮಡಿಕೆ ಹಿಡಿದೆತ್ತಿ, ಚಾದರವನ್ನು ರಾಶಿಯ ಮೇಲಿಟ್ಟಳು. ಆಮೇಲೆ ಬುಟ್ಟಿಯಿಂದ ಇನ್ನೊಂದನ್ನು ಎಳೆದು, ಅದರ ತುದಿ ಹುಡುಕಿ, ಮುಖ ನೋಡದೆ ತಾಯಿಯ ಕಡೆಗೆ ಚಾಚಿದಳು.